ಹೊಸ ಕಂಪ್ಯೂಟರಿಗೆ ಹೋಗುವಾಗ ಹಳೆಯದರಲ್ಲೇ ಉಳಿದುಬಿಡುವವು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಯಂತ್ರ ಬದಲಿಸುವವರು ಹಲವರು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಪೆನ್‌ಡ್ರೈವಿಗೆ ಎಳೆದುಕೊಂಡರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಕಳೆದುಹೋಗುವುದು ಸಾಮಾನ್ಯವಾಗಿ ಈ ಮೂರರ ಆಚೆ ಇದ್ದದ್ದು.

ಕನ್ನಡದಲ್ಲಿ ಕೆಲಸ ಮಾಡುವವರು ಮೊದಲು ನೋಡಬೇಕಾದದ್ದು ಫಾಂಟ್. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಹೊಸ ಯಂತ್ರದಲ್ಲಿ ಅದು ಇಲ್ಲದಿದ್ದರೆ ಹತ್ತು ವರ್ಷದ ಪತ್ರವ್ಯವಹಾರವೆಲ್ಲ ಸೊಟ್ಟ ಇಂಗ್ಲಿಷ್ ಕಲಸುಮೇಲೋಗರ. ಕಡತ ಕೆಟ್ಟಿತೆಂದು ಗಾಬರಿಯಾಗಿ ಅಳಿಸಬೇಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ಆ ಫಾಂಟ್‌ಗಳನ್ನು ಪ್ರತಿ ಮಾಡಿಕೊಳ್ಳಿ. ಒಬ್ಬ ಬಳಕೆದಾರರಿಗಷ್ಟೇ ಹಾಕಿದ ಫಾಂಟ್‌ಗಳು ಬೇರೆಡೆ, ಆ ಬಳಕೆದಾರರ ಫೋಲ್ಡರಿನ ಆ್ಯಪ್‌ಡೇಟಾ ಎಂಬ ಮರೆಯ ಫೋಲ್ಡರ್ ಒಳಗೆ ಅಡಗಿರುತ್ತವೆ. ಕಡತದೊಳಗೆ ಕನ್ನಡ ಅಕ್ಷರಗಳನ್ನೇ ಇಡುವ ಯೂನಿಕೋಡ್‌ಗೆ ಪರಿವರ್ತಿಸುವುದೇ ಶಾಶ್ವತ ದಾರಿ, ಆದರೆ ಮೂಲ ಕಡತ ಉಳಿದಿರಲಿ: ಪರಿವರ್ತಕಗಳು ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ, ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದು ತಿಳಿದು ಹಾಳುಮಾಡುತ್ತವೆ.

ಇನ್ನು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್. ಕಡತದ ಪಕ್ಕ ಮೋಡದ ಗುರುತಿದ್ದರೆ ಅದು ನಿಮ್ಮ ಡಿಸ್ಕಿನಲ್ಲಿಲ್ಲ, ಹೆಸರಷ್ಟೇ ಇದೆ. ಬಲಕ್ಲಿಕ್ ಮಾಡಿ ‘ಯಾವಾಗಲೂ ಈ ಸಾಧನದಲ್ಲಿರಲಿ’ ಎಂಬ ಅರ್ಥದ ಆಯ್ಕೆ ಒತ್ತಿ, ಹಸಿರು ಗುರುತು ಬಂದ ಮೇಲೆ ಪ್ರತಿ ಮಾಡಿ. ಇಮೇಲ್‌ಗೆ ಔಟ್‌ಲುಕ್ ಬಳಸುವವರಿಗೆ, ಸರ್ವರಿನಲ್ಲಿರುವ ಮೇಲ್‌ಗಳ ಪ್ರತಿಯಾದ ಒಎಸ್‌ಟಿ (.ost) ಕಡತ ಅಲ್ಲಿಂದ ಮತ್ತೆ ಇಳಿಯುತ್ತದೆ. ಯಂತ್ರದಲ್ಲೇ ಮೇಲ್ ಕೂಡಿಡುವ ಪಿಎಸ್‌ಟಿ (.pst) ಇಳಿಯುವುದಿಲ್ಲ, ಅದನ್ನು ಒಯ್ಯಲೇಬೇಕು. ಕ್ರೋಮ್‌ನ ಫೋಲ್ಡರನ್ನೇ ಎತ್ತಿಟ್ಟರೂ ಪಾಸ್‌ವರ್ಡ್‌ಗಳು ಬರುವುದಿಲ್ಲ, ಅವುಗಳ ಬೀಗ ಹಳೆಯ ವಿಂಡೋಸ್ ಖಾತೆಗೆ ಅಂಟಿಕೊಂಡಿದೆ. ಸಿಂಕ್ ಮಾಡಿ, ಇಲ್ಲವೇ ಎಕ್ಸ್‌ಪೋರ್ಟ್ ಮಾಡಿ, ಹೊಸದರಲ್ಲಿ ಇಂಪೋರ್ಟ್ ಆದ ಕೂಡಲೇ ಆ ಕಡತವನ್ನು ಅಳಿಸಿ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು ಲೈಸೆನ್ಸನ್ನು ಹಳೆಯ ಯಂತ್ರದಲ್ಲೇ ಸರೆಂಡರ್ ಮಾಡಿ, ಅಂದರೆ ಬಿಟ್ಟುಕೊಡಿ.

ಪ್ರತಿ ಮಾಡುವುದಕ್ಕೆ ಪೆನ್‌ಡ್ರೈವ್ ಬೇಡ, ಹೊರಗಿನ ಎಸ್‌ಎಸ್‌ಡಿ ಅಥವಾ ಹಾರ್ಡ್‌ಡಿಸ್ಕ್ ತನ್ನಿ. ಅದು ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿ ಮೀರಿದ ಒಂದೇ ಕಡತವನ್ನು ಒಪ್ಪುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. 300 ಜಿಬಿಗೆ ಯುಎಸ್‌ಬಿ 2.0 ತೂತಿನಲ್ಲಿ ಸೆಕೆಂಡಿಗೆ 30 ಎಂಬಿಯಂತೆ ಮೂರು ಗಂಟೆ ಹತ್ತಿರ, 3.0ರಲ್ಲಿ 100 ಎಂಬಿ ಸಿಕ್ಕರೆ ಒಂದು ಗಂಟೆಯೊಳಗೆ. ಸಾವಿರಾರು ಸಣ್ಣ ಕಡತಗಳಿದ್ದರೆ ಈ ಲೆಕ್ಕ ತಪ್ಪುತ್ತದೆ.

ಎಳೆದು ಬಿಡುವುದಕ್ಕಿಂತ, ವಿಂಡೋಸ್‌ನಲ್ಲೇ ಇರುವ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡುವ ರೋಬೋಕಾಪಿ (robocopy) ಆದೇಶ ವಾಸಿ: ಎಲ್ಲ ಉಪಫೋಲ್ಡರ್‌ಗಳಿಗೆ ಇ (/E), ಬೇರೆ ಫೋಲ್ಡರಿಗೆ ಕೊಂಡಿಯಾಗಿ ಸುತ್ತಿ ಸುತ್ತಿ ಬರುವ ಜಂಕ್ಷನ್‌ಗಳನ್ನು ಬಿಡಲು ಎಕ್ಸ್‌ಜೆ (/XJ) ಆಯ್ಕೆ. ಎಷ್ಟು ಸಲ ಮರುಪ್ರಯತ್ನ ಎನ್ನುವ ಆರ್, ನಡುವೆ ಎಷ್ಟು ಸೆಕೆಂಡು ಕಾಯಬೇಕೆನ್ನುವ ಡಬ್ಲ್ಯೂ ಎರಡಕ್ಕೂ 1 ಕೊಡಿ (/R:1 /W:1). ಏನೂ ಹೇಳದಿದ್ದರೆ ಅದು ಓದಲಾಗದ ಒಂದೇ ಕಡತವನ್ನು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ! ಎಂಐಆರ್ (/MIR) ಆಯ್ಕೆಯ ಗೊಡವೆ ಬೇಡ. ಮೂಲದಲ್ಲಿಲ್ಲದ್ದನ್ನು ಗುರಿಯಲ್ಲೂ ಅಳಿಸುತ್ತದೆ. ಮುಗಿದಾಗ ಕೊನೆಯಲ್ಲಿ ತೋರುವ ಪಟ್ಟಿಯ ಫೇಲ್ಡ್ (FAILED) ಅಂಕಣದಲ್ಲಿ ಸೊನ್ನೆ ಇರಬೇಕು.

ಹಳೆಯ ಡಿಸ್ಕನ್ನೇ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಹೊಸದರಲ್ಲಿ ಓದುವ ಯೋಚನೆಯಿದ್ದರೆ, ಯಂತ್ರ ಇನ್ನೂ ಓಡುತ್ತಿರುವಾಗಲೇ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ, ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗಬಹುದು, ಆ ಖಾತೆ ಅಂಗಡಿಯವ ಮಾಡಿಕೊಟ್ಟದ್ದಾಗಿದ್ದರೆ ಕಷ್ಟ. ಕೀ ಇಲ್ಲದೆ ಆ ಡಿಸ್ಕ್ ತೆರೆಯುವುದಿಲ್ಲ.

ಹಳೆಯದನ್ನು ಒಂದು ತಿಂಗಳು ಹಾಗೇ ಇಡಿ. ಅಷ್ಟರಲ್ಲಿ ಒಂದು ಹಳೆಯ ಪತ್ರ, ಒಂದು ಫೋಟೋ, ಒಂದು ಇಮೇಲ್ ಹೊಸದರಲ್ಲಿ ತೆರೆದು ನೋಡಿ. ಆಮೇಲೆ ರೀಸೆಟ್‌ನಲ್ಲಿ ‘ಎಲ್ಲವನ್ನೂ ತೆಗೆ’ ಆರಿಸಿ, ಡ್ರೈವ್ ಶುಚಿಗೊಳಿಸುವ ಆಯ್ಕೆಯನ್ನೂ ಚಾಲೂ ಮಾಡಿ ಮಾರಾಟಕ್ಕೆ ಕೊಡಿ.