ವಿಜರ್ಡ್ ಆಡುವವರಿಗೆ: ತಯಾರಿ ಬೇರೆ, ಸ್ಲಾಟ್ ಬೇರೆ

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ವಿಜರ್ಡ್, ಅಂದರೆ ಮಾಂತ್ರಿಕನ ಪಾತ್ರ, ಆಡಲು ಶುರು ಮಾಡಿ ನನಗೆ ಒಂದು ತಿಂಗಳಾಯಿತು. ನಮ್ಮ ಗುಂಪು ಆಡುವುದು 2014ರ ನಿಯಮದಲ್ಲಿ. ದಾಳ ಹಾಕುವುದು, ಪಾತ್ರದ ಹಾಳೆ ತುಂಬುವುದು ಇದೆಲ್ಲ ನಿಮಗೂ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ನಾನು ಎಡವಿದ ಜಾಗ ಒಂದೇ. ಅದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಪದದ ಗೊಂದಲ. ನಿಯಮದ ಪುಸ್ತಕದಲ್ಲಿ ಪಾತ್ರಕ್ಕೂ ಲೆವೆಲ್, ಮಂತ್ರಕ್ಕೂ ಲೆವೆಲ್, ಸ್ಲಾಟಿಗೂ (ಮಂತ್ರ ಬಿಟ್ಟಾಗ ಖರ್ಚಾಗುವ ಅವಕಾಶ) ಲೆವೆಲ್. ಮೂರೂ ಒಂದೇ ಅಂದುಕೊಂಡರೆ ತಲೆ ಕೆಡುತ್ತದೆ. ಹಾಗಾಗಿ ಪಾತ್ರಕ್ಕೆ ಮಾತ್ರ 'ಲೆವೆಲ್' ಅನ್ನುತ್ತೇನೆ, ಮಂತ್ರಕ್ಕೂ ಸ್ಲಾಟಿಗೂ 'ಹಂತ' ಅನ್ನುತ್ತೇನೆ. ಫೈರ್‌ಬಾಲ್ 3ನೇ ಹಂತದ ಮಂತ್ರ, ಆದರೆ ವಿಜರ್ಡ್‌ಗೆ ಅದು ಸಿಗುವುದು 5ನೇ ಲೆವೆಲ್‌ನಲ್ಲಿ. ಹೀಗೆ ಎರಡು ಪದ ಮಾಡಿಕೊಂಡ ದಿನವೇ ನನಗೆ ಅರ್ಧ ಪುಸ್ತಕ ಅರ್ಥವಾಯಿತು.

ಪುಸ್ತಕ, ಪಟ್ಟಿ, ಸ್ಲಾಟ್

ವಿಜರ್ಡ್ ಹತ್ತಿರ ಮೂರು ಬೇರೆ ಬೇರೆ ಲೆಕ್ಕ ಇರುತ್ತದೆ.

ಒಂದು, ಮಂತ್ರದ ಪುಸ್ತಕ. 1ನೇ ಲೆವೆಲ್‌ನಲ್ಲಿ 6 ಮಂತ್ರ, ಆಮೇಲೆ ಪ್ರತಿ ಲೆವೆಲ್‌ಗೆ ಇನ್ನೆರಡು. ನನ್ನ ವಿಜರ್ಡ್ ಈಗ 3ನೇ ಲೆವೆಲ್. 6, 2, 2 ಸೇರಿ 10.

ಎರಡು, ಅವತ್ತಿನ ತಯಾರಿ ಪಟ್ಟಿ. ಬುದ್ಧಿಯ ಮಾಡಿಫೈಯರ್‌ಗೆ (ಬುದ್ಧಿಯ ಅಂಕದಿಂದ ಬರುವ ಕೂಡಿಕೆ) ಲೆವೆಲ್ ಕೂಡಿಸಿದರೆ ಎಷ್ಟೋ ಅಷ್ಟು ಮಂತ್ರ. ನನ್ನ ಬುದ್ಧಿ 16, ಅಂದರೆ +3. ಅದಕ್ಕೆ 3 ಸೇರಿಸಿದರೆ 6. ಲಾಂಗ್ ರೆಸ್ಟ್ (ದೀರ್ಘ ವಿಶ್ರಾಂತಿ) ಮುಗಿದ ಮೇಲೆ ಈ ಆರನ್ನು ಬದಲಾಯಿಸಿಕೊಳ್ಳಬಹುದು.

ಮೂರು, ಸ್ಲಾಟ್. 3ನೇ ಲೆವೆಲ್‌ನಲ್ಲಿ 1ನೇ ಹಂತದ್ದು 4, 2ನೇ ಹಂತದ್ದು 2.

ನಾನು ಎಡವಿದ್ದು ಎರಡಕ್ಕೂ ಮೂರಕ್ಕೂ ಗಂಟು ಹಾಕಿ. ಆರು ಮಂತ್ರ, ಆರು ಸ್ಲಾಟ್. ಸಂಖ್ಯೆಯೂ ಒಂದೇ ಇತ್ತು! ಒಂದು ಸ್ಲಾಟಿಗೆ ಒಂದು ಮಂತ್ರ, ಬಳಸಿದ ಕೂಡಲೇ ಅದು ಮುಗಿಯಿತು ಅಂತ ತಿಳಿದಿದ್ದೆ. ಮ್ಯಾಜಿಕ್ ಮಿಸೈಲ್ ಅನ್ನುವ ಮಂತ್ರವನ್ನು ಒಮ್ಮೆ ಬಿಟ್ಟು, ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದೆ. ಎರಡನೇ ಜಗಳದಲ್ಲಿ ನಮ್ಮ ಗುಂಪಿನ ಯೋಧ (ಫೈಟರ್) ನೆಲಕ್ಕೆ ಬೀಳುವಾಗ ನನ್ನ ಹತ್ತಿರ ಮೂರು ಸ್ಲಾಟ್ ಉಳಿದಿದ್ದವು, ನಾನು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಮಂತ್ರ) ಬಿಡುತ್ತಾ ನಿಂತಿದ್ದೆ. ಆಟ ಮುಗಿದ ಮೇಲೆ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನನ್ನ ಹಾಳೆ ನೋಡಿ, "ಯಾಕೋ ಗೆರೆ ಎಳೆದೆ? ಅದು ಸಂಜೆವರೆಗೂ ನಿನ್ನ ಹತ್ರಾನೇ ಇರತ್ತೆ ಕಣೋ" ಅಂದ. ಆ ಮಾತು ಕೇಳಿ ನಿಜವಾಗಿಯೂ ಹೊಟ್ಟೆ ಉರಿಯಿತು.

ಈ ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಈ ಆಟದಲ್ಲಿ ಮೊದಲು ಮಾಂತ್ರಿಕನ ವಿದ್ಯೆ ಬಾಯಿಪಾಠದ ಥರ ಇತ್ತು. ಕಲಿತದ್ದನ್ನು ಒಮ್ಮೆ ಪ್ರಯೋಗಿಸಿದರೆ ಅದು ಮನಸ್ಸಿನಿಂದ ಅಳಿಸಿಹೋಗುತ್ತಿತ್ತು. 2000ದ ಮೂರನೇ ಆವೃತ್ತಿಯಲ್ಲೂ ಫೈರ್‌ಬಾಲ್ ಎರಡು ಸಲ ಬೇಕಿದ್ದರೆ ಎರಡು ಸ್ಲಾಟಿನಲ್ಲಿ ಅದನ್ನೇ ತುಂಬಿಕೊಳ್ಳಬೇಕಿತ್ತು. ನಾನು ಮೊದಲು ಓದಿದ್ದು ಆ ಹಳೆಯ ಆಟದ ಬಗ್ಗೆ. ಐದನೇ ಆವೃತ್ತಿ ಈ ಗಂಟನ್ನು ಬಿಚ್ಚಿಬಿಟ್ಟಿದೆ.

ನನಗೆ ತಲೆಗೆ ಹೋಗಿದ್ದು ದರ್ಶಿನಿಯ ಲೆಕ್ಕದಲ್ಲಿ. ಅಡುಗೆ ಭಟ್ಟರಿಗೆ ಬರುವ ತಿಂಡಿ ಎಲ್ಲ ಸೇರಿದರೆ ಅದು ಮಂತ್ರದ ಪುಸ್ತಕ. ಬೋರ್ಡ್ ಮೇಲೆ ಇವತ್ತು ಬರೆದಿರುವ ತಿಂಡಿ, ತಯಾರಿ ಪಟ್ಟಿ. ನಿಮ್ಮ ಕೈಯಲ್ಲಿರುವ ಟೋಕನ್, ಸ್ಲಾಟ್. ಇಡ್ಲಿ ತಿಂದ ಮಾತ್ರಕ್ಕೆ ಬೋರ್ಡಿನಿಂದ ಇಡ್ಲಿ ಅಳಿಸುವುದಿಲ್ಲ ಅಲ್ವಾ? ಟೋಕನ್ ಇರುವಷ್ಟು ಹೊತ್ತು ನಾಲ್ಕು ಸಲವೂ ಇಡ್ಲಿಯೇ ತಿನ್ನಬಹುದು. ಖರ್ಚಾಗುವುದು ಟೋಕನ್ ಮಾತ್ರ.

ದೊಡ್ಡ ಟೋಕನ್ ಕೊಟ್ಟು ಸಣ್ಣ ಹಂತದ ಮಂತ್ರವನ್ನೂ ಬಿಡಬಹುದು. ಮ್ಯಾಜಿಕ್ ಮಿಸೈಲ್‌ಗೆ 1ನೇ ಹಂತದ ಸ್ಲಾಟ್ ಕೊಟ್ಟರೆ ಮೂರು ಬಾಣ, 2ನೇ ಹಂತದ್ದು ಕೊಟ್ಟರೆ ನಾಲ್ಕು. ಸಣ್ಣ ಟೋಕನ್‌ಗೆ ದೊಡ್ಡ ಮಂತ್ರ ಮಾತ್ರ ಯಾವತ್ತೂ ಸಿಗುವುದಿಲ್ಲ. ಕ್ಯಾಂಟ್ರಿಪ್‌ಗೆ ಟೋಕನ್ನೇ ಬೇಡ.

ಒಂದು ದಿನದ ಲೆಕ್ಕ

ಇದನ್ನು ನಾನು ಕೈಯಲ್ಲಿ ಹಿಡಿದು ಕಲಿತೆ. ಮನೆಯ ಚೌಕಾಬಾರದ ಡಬ್ಬಿಯಿಂದ ನಾಲ್ಕು ಹುಣಸೆ ಬೀಜ, ಎರಡು ಕವಡೆ ತೆಗೆದುಕೊಂಡೆ. ಬೀಜ 1ನೇ ಹಂತ, ಕವಡೆ 2ನೇ ಹಂತ. ಮಂತ್ರ ಬಿಟ್ಟಾಗ ಬೀಜವನ್ನು ಡಬ್ಬಿಗೆ ಹಾಕುತ್ತೇನೆ, ಪಟ್ಟಿಯ ಹಾಳೆ ಮುಟ್ಟುವುದೇ ಇಲ್ಲ.

ಬೆಳಿಗ್ಗೆ ರಕ್ಷಣೆಯ ಮಂತ್ರ ಮೇಜ್ ಆರ್ಮರ್. ಒಂದು ಬೀಜ ಹೋಯಿತು, ಮೂರು ಉಳಿಯಿತು. ಎಂಟು ಗಂಟೆ ಕಾಲ ನನ್ನ ಎಸಿ (ಶತ್ರುವಿನ ದಾಳ ಮುಟ್ಟಬೇಕಾದ ರಕ್ಷಣೆಯ ಅಂಕ) 13ಕ್ಕೆ ಡೆಕ್ಸ್, ಅಂದರೆ ಚುರುಕುತನದ +2 ಸೇರಿ 15. ಗಾಬ್ಲಿನ್‌ಗಳು ಬಂದವು. ದಾರಿಗೆ ಅಡ್ಡ ವೆಬ್ ಮಂತ್ರದ ಬಲೆ ಹಾಕಿದೆ, ಒಂದು ಕವಡೆ. ಗಾಬ್ಲಿನ್ ಬಿಟ್ಟ ಒಂದು ಬಾಣಕ್ಕೆ ದಾಳದಲ್ಲಿ ಒಟ್ಟು 17 ಬಂದು ನನಗೆ ತಗುಲಬೇಕು, ಅಷ್ಟರಲ್ಲಿ ರಿಯಾಕ್ಷನ್‌ನಲ್ಲಿ (ಬೇರೆಯವರ ಸರದಿಯಲ್ಲೂ ತಕ್ಷಣ ಮಾಡಬಹುದಾದ ಕೆಲಸ) ಶೀಲ್ಡ್ ಮಂತ್ರ. ಎಸಿ 20 ಆಯಿತು, ಬಾಣ ತಪ್ಪಿತು. ಇನ್ನೊಂದು ಬೀಜ. ಮುಂದಿನ ಸರದಿಯಲ್ಲಿ ಉಳಿದ ಕವಡೆ ಕೊಟ್ಟು ನಾಲ್ಕು ಬಾಣದ ಮ್ಯಾಜಿಕ್ ಮಿಸೈಲ್. ಈಗ ಎರಡು ಬೀಜ ಉಳಿದಿವೆ.

ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ಸಿಕ್ಕಿತು. ಖರ್ಚಾದ ಸ್ಲಾಟ್ ವಾಪಸ್ ಪಡೆಯುವ ಆರ್ಕೇನ್ ರಿಕವರಿ ದಿನಕ್ಕೆ ಒಮ್ಮೆ: ವಾಪಸ್ ಬರುವ ಸ್ಲಾಟ್‌ಗಳ ಹಂತ ಕೂಡಿದರೆ ಲೆವೆಲ್‌ನ ಅರ್ಧ, ಮೇಲಕ್ಕೆ ಹೊಂದಿಸಿ. ನನಗೆ 2. ಅಂದರೆ ಒಂದು ಕವಡೆ ಅಥವಾ ಎರಡು ಬೀಜ ವಾಪಸ್. ನಾನು ಕವಡೆ ತೆಗೆದುಕೊಳ್ಳುತ್ತೇನೆ.

ಈ ಜಗಳದಲ್ಲಿ ಇನ್ನೊಂದು ವಿಷಯ ಗಮನಿಸಿ. ವೆಬ್ ಉಳಿಯಲು ಕಾನ್ಸಂಟ್ರೇಷನ್, ಅಂದರೆ ಅದರ ಮೇಲೆ ಗಮನ ಹಿಡಿದಿಡುವುದು ಬೇಕು, ಆದರೂ ನಡುವೆ ಶೀಲ್ಡ್, ಮಿಸೈಲ್ ಎರಡನ್ನೂ ಬಿಟ್ಟೆ. ಬಲೆ ಹಾಗೇ ಇತ್ತು. ಕಾನ್ಸಂಟ್ರೇಷನ್ ಬೇಕಾದ ಇನ್ನೊಂದು ಮಂತ್ರ ಬಿಟ್ಟರೆ ಮಾತ್ರ ಮೊದಲಿನದು ಹೋಗುತ್ತದೆ. ಪೆಟ್ಟು ಬಿದ್ದರೆ ಗಮನ ಉಳಿಸಿಕೊಳ್ಳಲು ದಾಳ ಹಾಕಬೇಕು, ಅದು ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) ಸೇವ್. ಗುರಿ 10, ಇಲ್ಲವೇ ಪೆಟ್ಟಿನ ಅರ್ಧ, ಯಾವುದು ಜಾಸ್ತಿಯೋ ಅದು. 24ರ ಪೆಟ್ಟಿಗೆ 12.

ರಿಚುವಲ್: ನನಗೆ ತುಂಬಾ ಇಷ್ಟವಾದ ದಾರಿ

ನನ್ನ ತಯಾರಿ ಪಟ್ಟಿ ಇಷ್ಟೇ: ಮ್ಯಾಜಿಕ್ ಮಿಸೈಲ್, ಶೀಲ್ಡ್, ಮೇಜ್ ಆರ್ಮರ್, ಸ್ಲೀಪ್, ವೆಬ್, ಮಿಸ್ಟಿ ಸ್ಟೆಪ್. ಪುಸ್ತಕದಲ್ಲಿ ಉಳಿದ ನಾಲ್ಕು ಡಿಟೆಕ್ಟ್ ಮ್ಯಾಜಿಕ್, ಐಡೆಂಟಿಫೈ, ಕಾಂಪ್ರಿಹೆಂಡ್ ಲ್ಯಾಂಗ್ವೇಜಸ್, ಫೈಂಡ್ ಫೆಮಿಲಿಯರ್. ಈ ನಾಲ್ಕನ್ನೂ ಬೇಕಂತಲೇ ಪಟ್ಟಿಗೆ ಹಾಕಿಲ್ಲ. ನಾಲ್ಕೂ ರಿಚುವಲ್ ಮಂತ್ರ, ಅಂದರೆ ವಿಧಿಯಂತೆ ನಿಧಾನವಾಗಿಯೂ ಮಾಡಬಹುದಾದವು. ಪುಸ್ತಕ ಎದುರಿಗಿದ್ದರೆ ಸಾಕು, ವಿಜರ್ಡ್‌ಗೆ ತಯಾರಿ ಬೇಡ, ಸ್ಲಾಟ್ ಬೇಡ, ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೆ. ನಮ್ಮ ಗುಂಪಿನ ಕ್ಲೆರಿಕ್‌ಗೆ (ದೇವರ ಶಕ್ತಿಯಿಂದ ಮಂತ್ರ ಬಿಡುವ ಪಾತ್ರ) ಈ ಅನುಕೂಲ ಇಲ್ಲ. ರಿಚುವಲ್ ಮಾಡಬೇಕಾದರೂ ಆ ಮಂತ್ರ ಅವಳ ಅವತ್ತಿನ ತಯಾರಿಯಲ್ಲಿ ಇರಲೇಬೇಕು.

ಹಾಗಾಗಿ ನನ್ನ ಪದ್ಧತಿ ಇದು. ಅವಸರದಲ್ಲಿ ಬೇಕಾದದ್ದು ಪಟ್ಟಿಗೆ, ಹತ್ತು ನಿಮಿಷ ಕಾಯಬಲ್ಲದ್ದು ಪುಸ್ತಕದಲ್ಲೇ. ಪ್ರಾಣಿಯ ರೂಪದ ಸಹಾಯಕನನ್ನು ಕರೆಯುವ ಫೈಂಡ್ ಫೆಮಿಲಿಯರ್ ಒಂದು ಗಂಟೆಯ ಮಂತ್ರ, ರಿಚುವಲ್ ಆಗಿ ಒಂದು ಗಂಟೆ ಹತ್ತು ನಿಮಿಷ. ಇದ್ದಿಲು, ಧೂಪ, ಗಿಡಮೂಲಿಕೆ ಅಂತ ಸಲಕ್ಕೆ 10 ಚಿನ್ನದ ನಾಣ್ಯ ಸುಡುತ್ತದೆ. ಆದರೂ ಗೂಬೆಯೊಂದು ಮುಂದೆ ಹಾರಿ ಕೋಣೆ ನೋಡಿಕೊಂಡು ಬರುತ್ತದೆ ಅಂದರೆ ಆ ಹತ್ತು ನಾಣ್ಯ ಏನೂ ಅಲ್ಲ.

ಬೇರೆ ಪುಸ್ತಕದಿಂದ ಮಂತ್ರ ನಕಲು ಮಾಡಿಕೊಳ್ಳಲು ಹಂತಕ್ಕೆ 2 ಗಂಟೆ, 50 ನಾಣ್ಯ. ಮೊದಲು ರಿಚುವಲ್ ಮಂತ್ರಗಳನ್ನೇ ಬರೆದುಕೊಳ್ಳಿ.

ಮುಂದಿನ ಭಾನುವಾರ ನಾವು 4ನೇ ಲೆವೆಲ್. ಬುದ್ಧಿಯನ್ನು 18ಕ್ಕೆ ಏರಿಸುತ್ತೇನೆ. ಆಗ ಪಟ್ಟಿಯಲ್ಲಿ 4 ಮತ್ತು 4, ಎಂಟು ಮಂತ್ರ. ಬೀಜ ನಾಲ್ಕೇ ಇರುತ್ತದೆ, ಕವಡೆ ಮಾತ್ರ ಡಬ್ಬಿಯಿಂದ ಇನ್ನೊಂದು ತೆಗೆದಿಟ್ಟುಕೊಳ್ಳಬೇಕು.