ಕತ್ತಲಾಗದ ರಾತ್ರಿಯಲ್ಲಿ ಬಿಳಿ ಪತಂಗ ಏನು ಮಾಡಬೇಕು?

ಪತಂಗದ ಫೋಟೊ ಕಳಿಸಿ "ಬಣ್ಣ ಬೇರೆ ಇದೆ ಸಾರ್, ಇದು ಹೊಸ ಉಪಪ್ರಭೇದವಾ?" ಅಂತ ಕೇಳುವವರು ಈಗ ಜಾಸ್ತಿ. ಉಪಪ್ರಭೇದ ಅಂದರೆ ಒಂದೇ ಪ್ರಭೇದದೊಳಗೆ, ಒಂದು ಪ್ರದೇಶದಲ್ಲಿ ಬೇರೆಯಾಗಿ ಕಾಣುವ ಗುಂಪು. ಕೀಟಗಳ ವರ್ಗೀಕರಣವೇ ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ಬಂದರೆ ಖುಷಿಯಾಗುತ್ತದೆ. ಆದರೆ ಬಣ್ಣ ಒಂದನ್ನೇ ನೋಡಿ ಉತ್ತರ ಕೊಡಲು ಆಗುವುದಿಲ್ಲ. ಯಾಕೆ ಅಂತ ಹೇಳಲು ಶೆಟ್ಲ್ಯಾಂಡಿನ ಪತಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ಕಾಟ್ಲೆಂಡಿನ ಮುಖ್ಯ ಭೂಭಾಗದಿಂದ ಸುಮಾರು 170 ಕಿ.ಮೀ. ಉತ್ತರಕ್ಕಿರುವ ದ್ವೀಪಗಳ ಗುಂಪು ಶೆಟ್ಲ್ಯಾಂಡ್. ಗಾಳಿ ವಿಪರೀತ. ಮರಗಳು ಇಲ್ಲವೆನ್ನುವಷ್ಟು ಕಡಿಮೆ, ಎಲ್ಲಿ ನೋಡಿದರೂ ಹುಲ್ಲು ಮತ್ತು ಕುರಿ. ಅಲ್ಲಿ ಹೆಪಿಯಾಲಸ್ ಹ್ಯೂಮುಲಿ ಎಂಬ ಪತಂಗ ಇದೆ, ಇಂಗ್ಲಿಷಿನಲ್ಲಿ ಘೋಸ್ಟ್ ಮಾತ್ ಅನ್ನುತ್ತಾರೆ. ಈ ಪ್ರಭೇದ ಯುರೋಪಿನ ಬಹುಭಾಗದಲ್ಲಿ ಸಿಗುತ್ತದೆ. ಶೆಟ್ಲ್ಯಾಂಡಿನದಕ್ಕೆ ಥುಲೆನ್ಸಿಸ್ ಎಂಬ ಉಪಪ್ರಭೇದದ ಹೆಸರು.

ಬೇರೆ ಬಹುತೇಕ ಕಡೆ ಈ ಪತಂಗದ ಗಂಡು ಅಚ್ಚ ಬಿಳಿ. ಹೆಣ್ಣು ಸ್ವಲ್ಪ ದೊಡ್ಡದು, ಹಳದಿ ರೆಕ್ಕೆಯ ಮೇಲೆ ಕಿತ್ತಳೆ ಬಣ್ಣದ ಗೆರೆಗಳು. ಬೇಸಿಗೆಯ ಮುಸ್ಸಂಜೆಯಲ್ಲಿ ಗಂಡುಗಳು ಹುಲ್ಲಿನ ಮೇಲೆ ಗುಂಪು ಸೇರುತ್ತವೆ, ಪ್ರತಿಯೊಂದೂ ನಿಂತ ಜಾಗದಲ್ಲೇ ಅತ್ತಿಂದಿತ್ತ ತೂಗುತ್ತಾ ಹಾರುತ್ತದೆ, ಕಾಣದ ದಾರಕ್ಕೆ ಕಟ್ಟಿ ಇಳಿಬಿಟ್ಟ ಹಾಗೆ. ಹಿಂಗಾಲಿನ ಕೂದಲಿನ ಕುಚ್ಚಿನಿಂದ ವಾಸನೆಯನ್ನೂ ಬಿಡುತ್ತವೆ, ಆಡಿನ ವಾಸನೆಯಂತೆ ಇರುತ್ತದೆ ಅನ್ನುತ್ತಾರೆ. ಹೆಣ್ಣು ಬಂದು ಆ ಬಿಳಿಯನ್ನೂ ವಾಸನೆಯನ್ನೂ ಗುರುತಿಸಿ ಗಂಡನ್ನು ಆರಿಸಿಕೊಳ್ಳುತ್ತದೆ. ದಿನಕ್ಕೆ ಈ ಆಟ ಇಪ್ಪತ್ತು ಮೂವತ್ತು ನಿಮಿಷ, ಅಷ್ಟೇ. ರೆಕ್ಕೆ ಬಂದ ಪತಂಗಕ್ಕೆ ಊಟ ಮಾಡುವ ಬಾಯಿಯೇ ಬೆಳೆದಿರುವುದಿಲ್ಲ, ಮಣ್ಣಿನೊಳಗೆ ಹುಲ್ಲಿನ ಬೇರು ತಿಂದುಕೊಂಡು ಎರಡು ಮೂರು ವರ್ಷ ಬದುಕಿದ ಹುಳು ಕೂಡಿಟ್ಟ ಶಕ್ತಿಯಲ್ಲೇ ಇದೆಲ್ಲ ನಡೆಯಬೇಕು.

ಈಗ ಶೆಟ್ಲ್ಯಾಂಡಿಗೆ ಬನ್ನಿ. ಅಲ್ಲಿನ ಎಷ್ಟೋ ಗಂಡುಗಳು ಬಿಳಿ ಇಲ್ಲ! ಮಾಸಲು ಹಳದಿ, ಮೇಲೆ ಕಂದು ಗುರುತುಗಳು, ಥಟ್ಟನೆ ನೋಡಿದರೆ ಹೆಣ್ಣು ಅನ್ನಿಸುತ್ತದೆ. ಹೆಣ್ಣನ್ನು ಕರೆಯಲೆಂದೇ ಇರುವ ಬಣ್ಣವನ್ನು ಗಂಡು ಯಾಕೆ ಬಿಟ್ಟುಕೊಡಬೇಕು?

ಉತ್ತರ ಬೆಳಕಿನಲ್ಲಿದೆ. ಶೆಟ್ಲ್ಯಾಂಡ್ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ತಿಂಗಳಲ್ಲಿ ಸೂರ್ಯ ಹತ್ತಿರ ಹತ್ತಿರ 19 ಗಂಟೆ ಮೇಲಿರುತ್ತಾನೆ, ಮುಳುಗಿದ ಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಸ್ಥಳೀಯರು ಈ ಬೆಳಕನ್ನು ಸಿಮ್ಮರ್ ಡಿಮ್ ಅನ್ನುತ್ತಾರೆ. ದಕ್ಷಿಣದ ಮಬ್ಬಿನಲ್ಲಿ ಹೆಣ್ಣಿಗೆ ಕಾಣಿಸಿಕೊಳ್ಳಲು ಬಿಳಿ ರೆಕ್ಕೆ ಬೇಕೇ ಬೇಕು. ಶೆಟ್ಲ್ಯಾಂಡಿನ ಬೆಳಕಿನಲ್ಲಿ ಗಂಡು ಹೇಗಿದ್ದರೂ ಕಾಣುತ್ತದೆ, ಬಿಳಿಯಾಗಿದ್ದರೆ ಕಡಲಹಕ್ಕಿಗೂ ಕಾಣುತ್ತದೆ. ಹುಲ್ಲಿನ ಬಣ್ಣಕ್ಕೆ ಹತ್ತಿರವಾದ ಗಂಡು ಉಳಿದುಕೊಂಡು ಮರಿ ಮಾಡುವ ಸಾಧ್ಯತೆ ಜಾಸ್ತಿ ಅಲ್ವಾ? ಬಹುಕಾಲದಿಂದ ಕೊಡುತ್ತಾ ಬಂದಿರುವ ವಿವರಣೆ ಇದು, ನನಗೂ ಇದೇ ಸರಿ ಅನ್ನಿಸುತ್ತದೆ. ಹಿಮಯುಗದಲ್ಲಿ ಈ ದ್ವೀಪಗಳ ಮೇಲೆ ಹಿಮ ಹೊದ್ದಿತ್ತು. ಹಾಗಾಗಿ ಈ ಬದಲಾವಣೆಗೆ ಸಿಕ್ಕ ಕಾಲ ಹತ್ತು ಹನ್ನೆರಡು ಸಾವಿರ ವರ್ಷವಷ್ಟೇ ಇರಬೇಕು, ವಿಕಾಸದ ಲೆಕ್ಕದಲ್ಲಿ ಅದು ತೀರಾ ಕಡಿಮೆ.

ಅದೇ ದ್ವೀಪಗಳಲ್ಲಿ ಇನ್ನೊಂದು ಪತಂಗ ಇದೆ, ಆಟಮ್ನಲ್ ರಸ್ಟಿಕ್. ಅದರ ಕಪ್ಪು ಬಗೆಗೆ ಎಡ್ಡಾ ಎಂಬ ಹೆಸರು. ಕೆಟಲ್‌ವೆಲ್ ಮತ್ತು ಬೆರ್ರಿ ಎಂಬ ವಿಜ್ಞಾನಿಗಳು 1961ರಲ್ಲಿ ಇದರ ಬಗ್ಗೆ ಬರೆದರು. ಉತ್ತರದ ತುದಿಯ ಅನ್‌ಸ್ಟ್ ದ್ವೀಪದಲ್ಲಿ ಬಹುತೇಕ ಎಲ್ಲವೂ ಕಪ್ಪು, ದಕ್ಷಿಣಕ್ಕೆ ಬರುತ್ತಾ ಬರುತ್ತಾ ಕಪ್ಪು ಕಡಿಮೆಯಾಗಿ, ಕೊನೆಗೆ ಅಲ್ಲೊಂದು ಇಲ್ಲೊಂದು. ಇಲ್ಲಿ ಬಣ್ಣದ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ, ಆದರೂ ಎಡ್ಡಾ ಉಪಪ್ರಭೇದ ಅಲ್ಲ. ಒಂದೇ ಸಮೂಹದೊಳಗೆ ಒಟ್ಟಿಗೆ ಬದುಕುವ, ತಮ್ಮೊಳಗೆ ಕೂಡುವ ಎರಡು ಬಗೆಗಳಲ್ಲಿ ಒಂದು. ಒಂದು ಜಾಗದ ಇಡೀ ಸಮೂಹವೇ ಬೇರೆ ಜಾಗದ ಸಮೂಹಕ್ಕಿಂತ ಬೇರೆಯಾಗಿ ನಿಂತಾಗ ಮಾತ್ರ ಉಪಪ್ರಭೇದದ ಮಾತು. ಥುಲೆನ್ಸಿಸ್‌ನಲ್ಲೂ ಅಚ್ಚ ಬಿಳಿ ಗಂಡುಗಳು ಹುಟ್ಟುತ್ತವೆ ಅನ್ನುವುದು ನಿಜ. ಆದರೆ ಹೆಣ್ಣಿನ ವೇಷದ ಗಂಡುಗಳು ಇಷ್ಟು ಸಾಮಾನ್ಯವಾಗಿರುವುದು ಆ ದ್ವೀಪಗಳ ಗುಣ, ಅದಕ್ಕೇ ಆ ಹೆಸರನ್ನು ಉಳಿಸಿಕೊಳ್ಳಬೇಕು ಅನ್ನುವ ಕಡೆ ನಾನಿದ್ದೇನೆ.

ಘೋಸ್ಟ್ ಮಾತ್‌ಗಳ ಕುಟುಂಬ ನಮಗೇನೂ ಹೊರಗಿನದಲ್ಲ. ಪಶ್ಚಿಮ ಘಟ್ಟಗಳಲ್ಲಿ ಎಳೆಯ ತೇಗದ ಕಾಂಡ ಕೊರೆದು, ರಂಧ್ರದ ಬಾಯಿಗೆ ತೊಗಟೆಪುಡಿ ಮತ್ತು ರೇಷ್ಮೆಯ ಮುಚ್ಚಳ ಹೆಣೆದುಕೊಳ್ಳುವ ಹುಳು ಇದೇ ಕುಟುಂಬದ್ದು. ಹಿಮಾಲಯದಲ್ಲಿ ದುಬಾರಿ ಬೆಲೆಗೆ ಮಾರುವ ಕೀಡಾ ಜಡಿ ಕೂಡ ಇದೇ ಕುಟುಂಬದ ಹುಳುವಿನ ಮೇಲೆ ಬೆಳೆದ ಶಿಲೀಂಧ್ರ.

ಹಾಗಾಗಿ ಫೋಟೊ ಕಳಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಸುಮ್ನೆ ಚಿತ್ರ ಮಾತ್ರ ಕಳಿಸಬೇಡಿ. ಊರು, ತಾರೀಖು, ಗಂಟೆ, ಸುತ್ತಲಿನ ಗಿಡ, ಎಷ್ಟು ಕತ್ತಲಾಗಿತ್ತು, ಎಲ್ಲವನ್ನೂ ಬರೆಯಿರಿ. ಬೇರೆ ಬಣ್ಣದ್ದು ಒಂದು ಕಂಡರೆ, ಅದೇ ಜಾಗದಲ್ಲಿ ಮಾಮೂಲಿ ಬಣ್ಣದವು ಎಷ್ಟಿದ್ದವು ಅಂತಲೂ ಎಣಿಸಿ. ಉಪಪ್ರಭೇದದ ಪ್ರಶ್ನೆಗೆ ನಾನು ಮೊದಲು ನೋಡುವುದು ಆ ಎಣಿಕೆಯನ್ನೇ, ಫೋಟೊ ಆಮೇಲೆ.