ಎಲೆಚುಕ್ಕಿಗೆ ಕಷಾಯ: ತಟ್ಟೆಯಲ್ಲಿ ಗೆದ್ದದ್ದು ತೋಟದಲ್ಲಿ ಗೆಲ್ಲುತ್ತದೆಯೇ?

ಅಡಿಕೆಯ ಎಲೆಚುಕ್ಕಿ ಎಂಬ ಶಿಲೀಂಧ್ರ ರೋಗಕ್ಕೆ ಏನು ಹೊಡೆಯಬೇಕು ಎಂದು ಮಲೆನಾಡಿನಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಸಿಗುತ್ತದೆ. ಒಬ್ಬರು ಬೋರ್ಡೋ ದ್ರಾವಣ ಎನ್ನುತ್ತಾರೆ, ಇನ್ನೊಬ್ಬರು ಪ್ರೊಪಿಕೊನಜೋಲ್ ಎಂಬ ರಾಸಾಯನಿಕ. ವಾಟ್ಸಾಪ್ ತೆರೆದರೆ ಬೇವಿನೆಣ್ಣೆ, ಬೆಳ್ಳುಳ್ಳಿ ಕಷಾಯ, ಅರಿಶಿನದ ನೀರು. ಈ ಗೊಂದಲ ನಿನ್ನೆ ಮೊನ್ನೆಯದಲ್ಲ.

ಹಿಂದೆ ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆರೋಗಕ್ಕೆ ಹೆದರಿ ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಗೆ ಮೈಲುತುತ್ತ-ಸುಣ್ಣದ ದ್ರಾವಣ ಬಂತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆ ತೋಟಕ್ಕೆ ತಂದರು. ಆಮೇಲೆ ನೂರು ವರ್ಷ ಔಷಧಿ ಎಂದರೆ ಮೈಲುತುತ್ತವೇ. ಮಳೆಗೆ ತೊಳೆದು ಹೋಗದಿರಲಿ ಎಂದು ಬೆರೆಸುವ ರಾಳ ಮಾತ್ರ ಮರದ್ದು. ಈ ರಾಳದ ಮಾತು ನೆನಪಿರಲಿ.

ನಡುವೆ ಬೇವಿನ ಗಲಾಟೆ ಬಂತು. ಬೇವಿನೆಣ್ಣೆಯಿಂದ ಗಿಡದ ಶಿಲೀಂಧ್ರ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನಲ್ಲಿ ಪೇಟೆಂಟ್ ಸಿಕ್ಕಿತು. ಇದು ನಮಗೆ ಮೊದಲೇ ಗೊತ್ತಿದ್ದದ್ದು ಎಂಬ ವಾದ ಗೆದ್ದು 2000ದಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ದೊಡ್ಡ ಗೆಲುವೇ. ಆದರೆ ಬೇವು ಎಲ್ಲ ರೋಗಕ್ಕೂ ಸಾಕು ಎಂಬ ನಂಬಿಕೆಯೂ ಅದರ ಜೊತೆ ಬೆಳೆಯಿತು. ಅಂಗಡಿಯ ಬೇವಿನ ಬಾಟಲಿ ನೋಡಿ. 1500 ಪಿಪಿಎಂ, 10000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಎಂದಿರುತ್ತದೆ. ಅದು ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶದ ಲೆಕ್ಕ, ಹುಳಕ್ಕೆ ಸಂಬಂಧಿಸಿದ್ದು. ಶಿಲೀಂಧ್ರದ ವಿಷಯದಲ್ಲಿ ಆ ಅಂಕಿ ಏನೂ ಹೇಳುವುದಿಲ್ಲ.

2022ರಲ್ಲಿ ಎಲೆಚುಕ್ಕಿ ಮಲೆನಾಡಿನಲ್ಲಿ ಜೋರಾಯಿತು. ಕೆಳಗಿನ ಸೋಗೆಯಲ್ಲಿ ಹಳದಿ ಅಂಚಿನ ಕಂದು ಚುಕ್ಕಿ ಶುರುವಾಗುತ್ತದೆ. ಚುಕ್ಕಿಗಳು ಒಂದಕ್ಕೊಂದು ಸೇರಿ ಗರಿ ಸುಟ್ಟಂತೆ ಒಣಗುತ್ತದೆ. ಕೊಲೆಟೊಟ್ರೈಕಮ್, ಫಿಲೋಸ್ಟಿಕ್ಟಾ ಎಂಬ ಶಿಲೀಂಧ್ರಗಳ ಕೆಲಸ ಇದು. ಗಾಳಿ, ಮಳೆಹನಿಯ ಜೊತೆ ಬೀಜಕಣ ಮರದಿಂದ ಮರಕ್ಕೆ ದಾಟುತ್ತದೆ.

ಪ್ರಯೋಗಾಲಯದಲ್ಲಿ ಸೊಪ್ಪಿನ ರಸವನ್ನು ಶಿಲೀಂಧ್ರ ಬೆಳೆಸುವ ಅಗರ್ ಎಂಬ ಲೋಳೆಗೆ ಬೆರೆಸಿ, ಗಾಜಿನ ತಟ್ಟೆಯಲ್ಲಿ ಶಿಲೀಂಧ್ರ ಬೆಳೆಸಿ ಅಳೆಯುತ್ತಾರೆ. ಬೆಳ್ಳುಳ್ಳಿ, ಬೇವು, ಲವಂಗದೆಣ್ಣೆಗೆ ಕೊಲೆಟೊಟ್ರೈಕಮ್ ಕುಗ್ಗುವುದು ನಿಜ. ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲಿಸಿನ್, ಲವಂಗದ ಯೂಜಿನಾಲ್ ಶಿಲೀಂಧ್ರದ ಜೀವಕೋಶವನ್ನೇ ಕೆಡಿಸುತ್ತವೆ. ಆದರೆ ತಟ್ಟೆಯೊಳಗೆ ಮಳೆ ಇಲ್ಲ, ಬಿಸಿಲೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲಿಸಿನ್ ಬೇಗ ಹಾರಿಹೋಗುತ್ತದೆ. ಬಕೆಟ್ ನೀರಿಗೆ ಬೇವಿನೆಣ್ಣೆ ಸುಮ್ನೆ ಸುರಿದರೆ ಹಳದಿ ಪದರವಾಗಿ ಮೇಲೆ ತೇಲುತ್ತದೆ. ಅಂಟುವಾಳದ ನೊರೆ ಹಾಕಿ ಕಡೆದರೆ ಹಾಲಿನಂತಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬೇರೆಯಾಗುತ್ತದೆ. ಅಷ್ಟರಲ್ಲಿ ಅದು ನಲವತ್ತು ಐವತ್ತು ಅಡಿ ಮೇಲೆ ದೋಟಿಯ ತುದಿ ತಲುಪಬೇಕು. ಸಾಲದ್ದಕ್ಕೆ ಒಬ್ಬೊಬ್ಬರ ಕಷಾಯ ಒಂದೊಂದು ಗಟ್ಟಿ.

ಹಾಗಂತ ಇದು ಆಗದ ಕೆಲಸವಲ್ಲ. ಆಸ್ಟ್ರೇಲಿಯಾ ಮೂಲದ ಟೀ ಟ್ರೀ ಮರದ ಎಣ್ಣೆಯಿಂದ ಮಾಡಿದ ಔಷಧಿಯನ್ನು ಲ್ಯಾಟಿನ್ ಅಮೆರಿಕದ ಬಾಳೆ ತೋಟಗಳಲ್ಲಿ ಸಿಗಟೋಕ ಎಲೆರೋಗಕ್ಕೆ ಬಳಸುತ್ತಾರೆ. ಅದರಲ್ಲಿ ಎಣ್ಣೆಯ ಪ್ರಮಾಣ ನಿಗದಿಯಾಗಿದೆ, ನೀರಿನಲ್ಲಿ ಬೆರೆಯುವಂತೆ ಮಾಡಿದ್ದಾರೆ, ತೋಟದಲ್ಲೇ ಪರೀಕ್ಷಿಸಿದ್ದಾರೆ. ನಮ್ಮಲ್ಲಿ ತಟ್ಟೆಯ ಫಲಿತಾಂಶ ಬಂದ ಕೂಡಲೇ ಸುದ್ದಿಯಾಗುತ್ತದೆ. ಅಂಟಿಸುವ ರಾಳದ ಬಗ್ಗೆ ಕೋಲ್ಮನ್ ಕಾಲದಲ್ಲೇ ತಲೆ ಕೆಡಿಸಿಕೊಂಡವರು ನಾವು, ಕಷಾಯಕ್ಕೆ ಯಾಕೆ ಅದೇ ಶ್ರಮ ಹಾಕಬಾರದು?

ಒಂದೇ ತೋಟದಲ್ಲಿ ಎರಡು ಸಾಲಿಗೆ ಕಷಾಯ, ಎರಡಕ್ಕೆ ರಾಸಾಯನಿಕ, ಎರಡಕ್ಕೆ ಬರೀ ನೀರು ಹೊಡೆದು ಮೂರು ಮಳೆಗಾಲ ಹಸಿರು ಸೋಗೆ ಎಣಿಸಿದರೆ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಕಷಾಯವೊಂದನ್ನೇ ನಂಬಿ ಇಡೀ ತೋಟ ಬಿಡಬೇಡಿ. ಮಳೆ ಹಿಡಿಯುವ ಮೊದಲೇ, ಚುಕ್ಕಿ ತುಂಬಿದ ಕೆಳಸೋಗೆ ಕೊಯ್ದು ತೋಟದಿಂದ ಹೊರಗೆ ಹಾಕಿ ಸುಟ್ಟುಬಿಡಿ.